ಸಿಡಿಯದೆ ಉಳಿದ ಮದ್ದು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮೇಲೆ ಯಾವ ವಿಮಾನವೂ ಬಾಂಬು ಸುರಿದದ್ದಿಲ್ಲ. ಆದರೂ ಸಿಡಿಯದೆ ಉಳಿದ ಮದ್ದಿನ ಭಯ ಈ ಸೀಮೆಯ ರೈತರಿಗೆ, ಕಲ್ಲು ಕೆಲಸದವರಿಗೆ ಹೊಸದಲ್ಲ. ಬಾವಿ ತೋಡಲು, ಬಂಡೆ ಒಡೆಯಲು, ಕಡಲೆಕಾಯಿ ಹೊಲ ಕಾಯಲು ಊರವರೇ ತಂದ ಮದ್ದು ಅದು.

ಮಧುಗಿರಿಯ ಏಕಶಿಲಾ ಬೆಟ್ಟ ಕಂಡವರಿಗೆ ಇಲ್ಲಿನ ನೆಲ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಮಣ್ಣು ತೆಗೆದರೆ ಕಲ್ಲು. ಮಳೆ ಕಡಿಮೆ, ನೀರು ಆಳ. ಕೊಳವೆಬಾವಿ ಬರುವ ಮುಂಚೆ ತೆರೆದ ಬಾವಿ ಎಂದರೆ ಉಳಿ, ಸುತ್ತಿಗೆ, ಮದ್ದು ಈ ಮೂರರ ಕೆಲಸ. ಬಂಡೆಯಲ್ಲಿ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಮೇಲಕ್ಕೆ ಓಡಿ ಬರುವುದು, ಒಳಗಿನ ಸದ್ದುಗಳನ್ನು ಎಣಿಸುವುದು. ಆರು ಕುಳಿಗೆ ಐದೇ ಸದ್ದು ಕೇಳಿದರೆ ಅಲ್ಲಿಂದ ಕಷ್ಟ ಶುರು. ಬತ್ತಿ ನೆನೆದಿತ್ತೋ, ಕೇಪು ಕೆಟ್ಟಿತ್ತೋ, ಎರಡು ಸದ್ದು ಒಟ್ಟಿಗೇ ಆಗಿ ಒಂದರಂತೆ ಕೇಳಿಸಿತೋ ಮೇಲೆ ನಿಂತವನಿಗೆ ತಿಳಿಯದು. ಕೆಳಗಿಳಿದವನ ಸುತ್ತಿಗೆ ಏಟಿಗೆ ಅದು ಎದ್ದರೆ ಹೋಗುವುದು ಕಣ್ಣು, ಬೆರಳು, ಇಲ್ಲವೇ ಜೀವ. ಸಿಡಿಯದ ಕುಳಿಯನ್ನು ಕೆದಕಬಾರದು, ಅದೇ ಕುಳಿಯನ್ನು ಮತ್ತೆ ಕೊರೆಯಬಾರದು, ದೂರ ಬಿಟ್ಟು ಬೇರೆ ಕುಳಿ ಹೊಡೆದು ಸಿಡಿಸಬೇಕು ಎಂಬುದು ಗಣಿ ಸುರಕ್ಷತೆಯ ಹಳೆಯ ಪಾಠ. ಕೂಲಿಯನ್ನು ಅಡಿ ಲೆಕ್ಕದಲ್ಲಿ ಕೊಡುವ ಕಡೆ ಈ ಪಾಠಕ್ಕೆ ಕಿವಿಗೊಡುವವರು ಕಡಿಮೆ ಎಂದರೆ ಆಶ್ಚರ್ಯವಿಲ್ಲ.

ಮದ್ದಿನ ಬಳಕೆ ಕನ್ನಡನಾಡಿಗೆ ಹಳೆಯದು. 1761ರಲ್ಲಿ ಶಿರಾ ಹೈದರಾಲಿಯ ಕೈಸೇರಿತು. ಅವನೂ ಅವನ ಮಗ ಟಿಪ್ಪುವೂ ಬೆಳೆಸಿದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ ಕಥೆ ಪ್ರಸಿದ್ಧವೇ. ಅಷ್ಟು ಪ್ರಸಿದ್ಧವಲ್ಲದ ಸಂಗತಿ ಇನ್ನೊಂದಿದೆ. 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರ ಕೆಸರು ತೆಗೆದಾಗ ಇಂಥ ರಾಕೆಟ್ಟುಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಇನ್ನೂರು ವರ್ಷ ಕಳೆದಿದ್ದರೂ ಕೊಳವೆಗಳೊಳಗೆ ಮದ್ದಿನ ಪುಡಿ ಉಳಿದಿತ್ತು. ಮದ್ದು ಮಾಡಿದ ರಾಜ್ಯ ಅಳಿಯಿತು, ಸುಡಬೇಕಾಗಿದ್ದ ಶತ್ರುವೂ ಹೋದ, ಮದ್ದು ಮಾತ್ರ ಬಾವಿಯಲ್ಲಿ ಕೂತಿತ್ತು.

ಯುರೋಪಿನಲ್ಲಿ ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟಿಗೆ ಹಕ್ಕುಪತ್ರ ಪಡೆದ. ಭಾರತದಲ್ಲಿ 1884ರಲ್ಲಿ ಸ್ಫೋಟಕಗಳ ಕಾಯಿದೆ ಬಂತು. ಮದ್ದು ಮಾಡಲು, ಇಡಲು, ಸಾಗಿಸಲು ಪರವಾನಗಿ ಬೇಕೆಂಬ ಕಟ್ಟಳೆ ಅಂದಿನಿಂದ ಇದೆ. ಕಟ್ಟಳೆ ಮೀರಿ ಬಚ್ಚಿಟ್ಟ ಮದ್ದು ಏನು ಮಾಡುತ್ತದೆಂಬುದು 2021ರಲ್ಲಿ ಕಾಣಿಸಿತು. ಆ ಜನವರಿಯಲ್ಲಿ ಶಿವಮೊಗ್ಗದ ಬಳಿ ಹುಣಸೋಡಿನಲ್ಲಿ ಜಿಲೆಟಿನ್ ತುಂಬಿದ ಲಾರಿ ಸಿಡಿಯಿತು. ಪೊಲೀಸರ ತಪಾಸಣೆ ಬಿಗಿಯಾಯಿತು. ಫೆಬ್ರವರಿ 23ರಂದು, ಮಧುಗಿರಿಗೆ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಅಡಗಿಸಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಸಾಗಹಾಕಲು ಹೋಗಿ ಆರು ಮಂದಿ ಸತ್ತರು. ಕಲ್ಲು ಒಡೆಯಲು ತಂದ ಮದ್ದು, ಅದನ್ನು ಮುಚ್ಚಿಡುವ ಅವಸರದಲ್ಲಿ ಮನುಷ್ಯರನ್ನು ಒಡೆಯಿತು.

ಇನ್ನು ಹಂದಿಗೆ ಇಡುವ ಸಿಡಿಮದ್ದು. ಪಾವಗಡ, ಶಿರಾ, ಮಧುಗಿರಿಯ ಒಣಬೇಸಾಯದಲ್ಲಿ ಕಡಲೆಕಾಯಿಯೇ ನಂಬಿಕೆಯ ಬೆಳೆ. ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಬಂದು ಒಂದೇ ರಾತ್ರಿಯಲ್ಲಿ ಸಾಲುಸಾಲಾಗಿ ಉತ್ತು ಹೋಗುತ್ತದೆ. ಸಾಲ ತಂದು ಬಿತ್ತಿದವನ ಸಿಟ್ಟು ಅರ್ಥವಾಗದ್ದಲ್ಲ. ರಾಜ್ಯದ ಹಲವೆಡೆ ಈ ಸಿಟ್ಟು, ಜೊತೆಗೆ ಹಂದಿ ಮಾಂಸದ ಆಸೆ, ತಿನಿಸಿನೊಳಗೆ ಮದ್ದಿಟ್ಟ ಉಂಡೆಯ ರೂಪ ತಾಳಿದೆ. ಪತ್ರಿಕೆಗಳು ನಾಡಬಾಂಬ್ ಎನ್ನುವುದು ಇದನ್ನೇ. ಹಂದಿ ಕಚ್ಚಿದರೆ ಸಿಡಿಯುತ್ತದೆ. ಕಚ್ಚದಿದ್ದರೆ ಬೆಳಗಾದ ಮೇಲೂ ಬದುವಿನಲ್ಲಿ ಬಿದ್ದಿರುತ್ತದೆ. ಇಟ್ಟದ್ದೆಷ್ಟು, ಎತ್ತಿದ್ದೆಷ್ಟು ಎಂದು ಇಟ್ಟವನಿಗೆ ಮಾತ್ರ ಗೊತ್ತು. ನಾಯಿಯೊಂದು ಕಚ್ಚಿಕೊಂಡು ಬೇರೆ ಹೊಲಕ್ಕೆ ಒಯ್ದರೆ ಅವನಿಗೂ ಗೊತ್ತಿರುವುದಿಲ್ಲ.

ಮೇಯಲು ಬಿಟ್ಟ ಹಸುವಿನ ಬಾಯಿಗೆ ಅದು ಸಿಕ್ಕರೆ ದವಡೆ ಛಿದ್ರವಾಗುತ್ತದೆ. ಒಡನೆ ಸತ್ತರೆ ಪುಣ್ಯ. ಎಷ್ಟೋ ಸಲ ಮೇವು ಅಗಿಯಲಾರದೆ, ನೀರು ಕುಡಿಯಲಾರದೆ ದಿನಗಟ್ಟಲೆ ನಿಂತು ಸಾಯುತ್ತದೆ. ಹಾಲಿನ ಬಟವಾಡೆಯ ಮೇಲೆ ನಡೆಯುವ ಮನೆಯಲ್ಲಿ ಅದರ ಅರ್ಥವೇನೆಂದು ಹಳ್ಳಿ ಬಲ್ಲವರಿಗೆ ಗೊತ್ತು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಇಂಥದೇ ಮದ್ದಿಗೆ ಬಾಯಿ ಕೊಟ್ಟ ಗಬ್ಬದ ಆನೆ ಹೊಳೆಯಲ್ಲಿ ನಿಂತು ಸತ್ತಾಗ ದೇಶವೆಲ್ಲ ಮರುಗಿತು. ಹಸುಗಳಿಗೆ ಆ ಭಾಗ್ಯವಿಲ್ಲ.

ಉಂಡೆಯನ್ನು ಚೆಂಡೆಂದು ಎತ್ತಿಕೊಳ್ಳುವ ಮಕ್ಕಳ ಗತಿ ಲಾವೋಸ್ ದೇಶವನ್ನು ನೆನಪಿಸುತ್ತದೆ. 1964ರಿಂದ 1973ರವರೆಗೆ ಅಮೆರಿಕ ಅಲ್ಲಿ ಸುರಿದದ್ದು 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು. ಅದರಲ್ಲಿ ಚೆಂಡಿನಷ್ಟೇ ಗಾತ್ರದ ಸಣ್ಣ ಬಾಂಬುಗಳು 27 ಕೋಟಿ. ಸುಮಾರು ಶೇಕಡಾ 30ರಷ್ಟು ಸಿಡಿಯಲೇ ಇಲ್ಲ ಎಂದು ಅಂದಾಜು. ಯುದ್ಧ ನಿಂತ ಮೇಲೆ ಉಳುಮೆ ಮಾಡುವಾಗ, ಒಲೆ ಹಚ್ಚುವಾಗ, ಗುಜರಿ ಆರಿಸುವಾಗ ಸತ್ತವರು, ಅಂಗಹೀನರಾದವರು 20 ಸಾವಿರದಷ್ಟು. ತುಮಕೂರು ಜಿಲ್ಲೆಯ ಹೊಲಗಳನ್ನು ಇದರೊಡನೆ ತೂಗಲಾಗದು, ಪ್ರಮಾಣವೇ ಬೇರೆ. ಆದರೆ ಲಾವೋಸಿನಲ್ಲಿ ಬಾಂಬು ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತು. ಗಾಯಾಳುಗಳ ಲೆಕ್ಕ ಬರೆಯುವ, ನೆಲ ಶೋಧಿಸುವ ಸಂಸ್ಥೆಗಳೂ ಅಲ್ಲಿವೆ.

ಇಲ್ಲಿ ಸಂಗತಿ ತೊಡಕಿನದು. ಹಂದಿ ಬೆಳೆ ತಿಂದರೆ, ಕರಡಿ ಪರಚಿದರೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಬಹುದು. ಹಂದಿಗೆಂದು ಇಟ್ಟ ಮದ್ದಿಗೆ ಹಸು ಸತ್ತರೆ ಅದು ಕಾಡುಪ್ರಾಣಿಯ ದಾಳಿಯಲ್ಲ. ಹಂದಿಯಂತೂ 2022ರ ತಿದ್ದುಪಡಿಯಲ್ಲಿ ವನ್ಯಜೀವಿ ಕಾಯಿದೆಯ ಎರಡನೇ ಅನುಸೂಚಿಗೆ ಏರಿದೆ. ಹಾಗಾಗಿ ಮದ್ದಿಟ್ಟವನು ಬಾಯಿ ಬಿಡುವ ಮಾತೇ ಇಲ್ಲ. ಕಲ್ಲುಕೋರೆಯಲ್ಲಿ ಕೈ ಕಳೆದುಕೊಂಡವನಿಗೆ ಕಾನೂನಿನಂತೆ ಮಾಲೀಕ ಪರಿಹಾರ ಕೊಡಬೇಕು. ಅದಕ್ಕೆ ಮೊದಲು ಅವನು ಅಲ್ಲಿ ಕೆಲಸಕ್ಕಿದ್ದನೆಂದು ತೋರಿಸಬೇಕು. ಪರವಾನಗಿಯಿಲ್ಲದ ಕೋರೆಯಲ್ಲಿ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು? ಹಸು ಕಳೆದುಕೊಂಡವನು ಠಾಣೆಗೆ ಹೋಗಬಹುದು ನಿಜ. ಹೋದರೆ ಅವನು ಹೆಸರಿಸಬೇಕಾದದ್ದು ಬಹುತೇಕ ಪಕ್ಕದ ಹೊಲದವನನ್ನೇ, ನಾಳೆ ಬಾವಿಯ ನೀರಿಗೆ, ಬಿತ್ತನೆಯ ಜೋಡೆತ್ತಿಗೆ ಕೈಯೊಡ್ಡಬೇಕಾದವನನ್ನು.