ಕಾಗದದಲ್ಲಿ ಮುಗಿದ ಕಾಮಗಾರಿ: ಕೊಪ್ಪಳ ಪ್ರಕರಣ ಮತ್ತು ನಾಗರಿಕರ ಹಕ್ಕು

ಕೊಪ್ಪಳ: ಕರ್ನಾಟಕ ಗ್ರಾಮೀಣ ಮೂಲಭೂತ ಸೌಕರ್ಯ ಅಭಿವೃದ್ಧಿ ನಿಯಮಿತದ (ಕೆಆರ್‌ಐಡಿಎಲ್) ಕೊಪ್ಪಳ ಕಚೇರಿಯ ಮಾಜಿ ಗುಮಾಸ್ತರೊಬ್ಬರ ಮನೆಯ ಮೇಲೆ ಲೋಕಾಯುಕ್ತ ಪೊಲೀಸರು 2025ರ ಜುಲೈ ಕೊನೆಯಲ್ಲಿ ದಾಳಿ ನಡೆಸಿದರು. ಮಾಸಿಕ 15 ಸಾವಿರ ರೂ. ವೇತನ ಪಡೆಯುತ್ತಿದ್ದ ಅವರ ಬಳಿ 24 ಮನೆ ಹಾಗೂ 40 ಎಕರೆ ಜಮೀನು ಇರುವುದು ಪತ್ತೆಯಾಯಿತೆಂದು ವರದಿಯಾಯಿತು. ಮಾಜಿ ಎಂಜಿನಿಯರ್ ಒಬ್ಬರೊಡನೆ ಸೇರಿ, ಪೂರ್ಣಗೊಳ್ಳದ 96 ಕಾಮಗಾರಿಗಳಿಗೆ ನಕಲಿ ದಾಖಲೆ ಸೃಷ್ಟಿಸಿ 72 ಕೋಟಿ ರೂ.ಗೂ ಅಧಿಕ ಹಣ ಲಪಟಾಯಿಸಿದರೆಂಬುದು ಅವರ ಮೇಲಿನ ಆರೋಪ.

ಟೆಂಡರ್ ಇಲ್ಲದ ದಾರಿ

ಭೂಸೇನೆ ಎಂದೇ ಜನರಿಗೆ ಪರಿಚಿತವಾದ ಈ ಸಂಸ್ಥೆ 1974ರಲ್ಲಿ ನಿಗಮವಾಯಿತು. 2009ರಲ್ಲಿ ಈಗಿನ ಹೆಸರು ಪಡೆಯಿತು. ಹೆಸರಿನಲ್ಲಿ 'ಗ್ರಾಮೀಣ' ಎಂದಿದ್ದರೂ ಪಟ್ಟಣಗಳ ರಸ್ತೆ, ಚರಂಡಿ, ಭವನಗಳನ್ನೂ ನಿರ್ಮಿಸುತ್ತದೆ. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ 1999ರಲ್ಲಿ ರೂಪುಗೊಂಡ ರಾಜ್ಯದ ಕಾಯ್ದೆ ಟೆಂಡರ್ ಕಡ್ಡಾಯಗೊಳಿಸಿದೆ. ಆದರೆ ಅದರ 4(ಜಿ) ಕಲಮಿನಡಿ ಸರ್ಕಾರ ವಿನಾಯಿತಿ ನೀಡಬಹುದು. ಹೀಗೆ ವಿನಾಯಿತಿ ದೊರೆತಲ್ಲಿ ಬಹಿರಂಗ ಸ್ಪರ್ಧೆ ಇರುವುದಿಲ್ಲ. ಪರಿಶೀಲನೆಯ ಹೊಣೆಯೆಲ್ಲ ಅಧಿಕಾರಿಗಳ ಮೇಲೆಯೇ ಬೀಳುತ್ತದೆ.

ಅಳತೆ ಪುಸ್ತಕವೇ ಆಧಾರ

ಕಾಮಗಾರಿಯ ಉದ್ದ, ಅಗಲ, ದಪ್ಪವನ್ನು ಎಂಜಿನಿಯರ್ ಸ್ಥಳದಲ್ಲಿ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸಬೇಕು. ಬಿಲ್ ಪಾವತಿಗೆ ಅದೇ ಆಧಾರ. ಸ್ಥಳಕ್ಕೆ ತೆರಳದೆ ಸಹಿ ಹಾಕಿದರೆ ಚರಂಡಿ ಕಾಗದದಲ್ಲಿ ಮುಗಿಯುತ್ತದೆ, ಬೀದಿಯಲ್ಲಿ ಉಳಿಯುತ್ತದೆ. ನಷ್ಟವಾಗುವುದು ತೆರಿಗೆ ಕಟ್ಟುವ, ಮಳೆಗಾಲದಲ್ಲಿ ಕೊಳಚೆ ತುಳಿಯುವ ನಿವಾಸಿಗೆ.

ನಾಗರಿಕರು ಮಾಡಬಹುದಾದುದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಯಾವುದೇ ನಿವಾಸಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ತಮ್ಮ ವಾರ್ಡಿನ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಹಾಗೂ ಬಿಲ್ಲಿನ ಪ್ರತಿ ಕೇಳಬಹುದು. ಪ್ರತಿಗಳಿಗೆ ಪ್ರತ್ಯೇಕ ಶುಲ್ಕವಿದ್ದು, 30 ದಿನಗಳೊಳಗೆ ಉತ್ತರಿಸಬೇಕು. ಕಾಯ್ದೆಯ 2(ಜೆ) ಕಲಮು ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ನೀಡಿದೆ. ಪುಸ್ತಕದ ಅಳತೆಗೂ ಬೀದಿಯ ಅಳತೆಗೂ ತಾಳೆಯಾಗದಿದ್ದರೆ ಆ ದಾಖಲೆಗಳೊಂದಿಗೆ ಲೋಕಾಯುಕ್ತಕ್ಕೆ ದೂರು ಸಲ್ಲಿಸಲು ಅವಕಾಶವಿದೆ.