ಯಂತ್ರದ ಓದು, ಬರೆದವರ ಪಾಲು

ಪುಸ್ತಕ ಕೊಂಡವರು ಅದನ್ನು ಎಷ್ಟು ಸಲ ಬೇಕಾದರೂ ಓದಬಹುದು. ಪ್ರತಿ ಓದಿಗೂ ಲೇಖಕನಿಗೆ ಹಣ ಕೊಡಬೇಕಾಗಿಲ್ಲ. ಆದರೆ ಓದುವುದು ಮನುಷ್ಯನಲ್ಲ, ಯಂತ್ರ ಎಂದಾದರೆ? ಕೃತಕ ಬುದ್ಧಿಮತ್ತೆಯ ಕಂಪ್ಯೂಟರ್ ವ್ಯವಸ್ಥೆಗಳು ಭಾಷೆ ಕಲಿಯುವುದು ಕೋಟ್ಯಂತರ ಪುಟಗಳ ಪುಸ್ತಕ, ಪತ್ರಿಕೆ, ಲೇಖನಗಳಿಂದ. ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಊಹಿಸುವ ಅಭ್ಯಾಸವನ್ನು ಅವಕ್ಕೆ ಮತ್ತೆ ಮತ್ತೆ ಮಾಡಿಸಲಾಗುತ್ತದೆ. ಈ ಪಾಠಕ್ಕೆ ಬಳಸಿದ ಬರಹಕ್ಕೆ ಬೆಲೆ ತೆರಬೇಕೇ, ತೆತ್ತರೆ ಅದು ಯಾರ ಕೈ ಸೇರಬೇಕು ಎಂಬ ವಿವಾದ ಹಲವು ದೇಶಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ. ಪ್ರಶ್ನೆ ಹೊಸದಾಗಿ ಕಂಡರೂ ಅದರ ಹಳೆಯ ರೂಪವೊಂದು ಅಮೆರಿಕದಲ್ಲಿ ನೂರು ವರ್ಷಗಳಿಗೂ ಹಿಂದೆ ತಲೆದೋರಿತ್ತು. ಆಗ ಓದುತ್ತಿದ್ದ ಯಂತ್ರ ಪಿಯಾನೊ.

ರಂಧ್ರಗಳ ಸುರುಳಿ

19ನೇ ಶತಮಾನದ ಕೊನೆಯ ವೇಳೆಗೆ ತಾನಾಗಿಯೇ ನುಡಿಯುವ ಪಿಯಾನೊ ಅಲ್ಲಿನ ಮನೆಗಳನ್ನು ಹೊಕ್ಕಿತು. ಉದ್ದನೆಯ ಕಾಗದದ ಸುರುಳಿಯಲ್ಲಿ ರಂಧ್ರಗಳನ್ನು ಕೊರೆದಿರುತ್ತಿದ್ದರು. ಸುರುಳಿ ಬಿಚ್ಚಿಕೊಂಡಂತೆ ಒಂದೊಂದು ರಂಧ್ರದ ಮೂಲಕ ಗಾಳಿ ಹಾದು ಆಯಾ ಸ್ವರ ನುಡಿಯುತ್ತಿತ್ತು. 1902ರಲ್ಲಿ ಇಂಥ 70ರಿಂದ 75 ಸಾವಿರ ವಾದ್ಯಗಳು ಬಳಕೆಯಲ್ಲಿದ್ದವು. ಆ ಒಂದೇ ವರ್ಷ 10ರಿಂದ 15 ಲಕ್ಷ ಸುರುಳಿಗಳು ತಯಾರಾದವು. ಸುರುಳಿ ಮಾಡುವವರು ಅಂಗಡಿಯಿಂದ ಸ್ವರಲಿಪಿಯ ಒಂದು ಪ್ರತಿ ಕೊಂಡರೆ ಸಾಕಿತ್ತು. ಅದರಿಂದ ಸಾವಿರಾರು ಸುರುಳಿ ತೆಗೆದು ಮಾರಿದರೂ ಹಾಡು ಕಟ್ಟಿದವನಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ.

ವೈಟ್-ಸ್ಮಿತ್ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಇದನ್ನು ಪ್ರಶ್ನಿಸಿ ಅಪೊಲೊ ಎಂಬ ಕಂಪನಿಯ ಮೇಲೆ ದಾವೆ ಹೂಡಿತು. ವ್ಯಾಜ್ಯಕ್ಕೆ ಕಾರಣವಾದ ಎರಡು ಹಾಡುಗಳು ಆ್ಯಡಮ್ ಗೈಬೆಲ್ ಎಂಬ ಸಂಗೀತಗಾರನವು. 1908ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪಿತ್ತಿತು. ಕಣ್ಣಿನಿಂದ ನೋಡಿ ಓದಲು ಬರುವುದು ಮಾತ್ರ ನಕಲು. ರಂಧ್ರಗಳ ಸುರುಳಿಯನ್ನು ಯಾರೂ ಹಾಗೆ ಓದುವುದಿಲ್ಲ. ಆದ್ದರಿಂದ ಅದು ಯಂತ್ರದ ಒಂದು ಬಿಡಿಭಾಗವಷ್ಟೆ ಎಂಬುದು ತೀರ್ಪಿನ ಸಾರ. ಗೈಬೆಲ್ ಅಂಧರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ತಾವೇ ಕಣ್ಣಿನಿಂದ ಓದಲಾಗದ ಸ್ವರಲಿಪಿಗೆ ಅವರಿಗೆ ರಕ್ಷಣೆಯಿತ್ತು. ತಾವು ಕೇಳಿ ಗುರುತಿಸಬಲ್ಲ ಸುರುಳಿಗೆ ಇರಲಿಲ್ಲ. ತೀರ್ಪಿಗೆ ಸಹಮತ ಸೂಚಿಸಿದ ನ್ಯಾಯಮೂರ್ತಿ ಹೋಮ್ಸ್, ಸ್ವರಗಳ ಅದೇ ಜೋಡಣೆಯನ್ನು ಯಂತ್ರ ಮತ್ತೆ ನುಡಿಸಿದರೆ ಅದನ್ನೂ ನಕಲೆಂದೇ ಎಣಿಸಬೇಕು, ಕಾನೂನು ಅಷ್ಟು ವಿಶಾಲವಾಗಿಲ್ಲದಿದ್ದರೆ ತಿದ್ದಬೇಕು ಎಂದು ಪ್ರತ್ಯೇಕವಾಗಿ ಬರೆದರು.

ಎರಡು ಸೆಂಟಿನ ಕಾನೂನು

ತಿದ್ದುಪಡಿ ಮರುವರ್ಷವೇ ಬಂತು. ಆದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ಮುಂದೆ ಕಾನೂನು ಬದಲಾದೀತೆಂದು ಊಹಿಸಿದ ಇಯೋಲಿಯನ್ ಎಂಬ ದೊಡ್ಡ ಕಂಪನಿ ಪ್ರಮುಖ ಸಂಗೀತ ಪ್ರಕಾಶಕರೊಡನೆ ಮೊದಲೇ ಒಪ್ಪಂದ ಮಾಡಿಕೊಂಡು, ಅವರ ಹಾಡುಗಳ ಸುರುಳಿಯ ಹಕ್ಕು ತನಗೊಬ್ಬನಿಗೇ ಸಿಗುವಂತೆ ನೋಡಿಕೊಂಡಿತ್ತು. ಹಕ್ಕನ್ನು ಕೊಡದಿದ್ದರೆ ಸಂಗೀತಗಾರರಿಗೆ ಅನ್ಯಾಯ; ಕೊಟ್ಟರೆ ಇಡೀ ಉದ್ಯಮ ಒಂದೇ ಕಂಪನಿಯ ಮುಷ್ಟಿಗೆ. ಈ ಇಕ್ಕಟ್ಟಿನಿಂದ ಪಾರಾಗಲು ಅಮೆರಿಕದ ಸಂಸತ್ತು 1909ರಲ್ಲಿ ನಡುದಾರಿಯೊಂದನ್ನು ಹಿಡಿಯಿತು. ಹಾಡಿನ ಒಡೆಯ ಒಬ್ಬರಿಗೆ ಅನುಮತಿ ಕೊಟ್ಟನೆಂದರೆ, ಸುರುಳಿಯೊಂದಕ್ಕೆ 2 ಸೆಂಟ್ ತೆತ್ತು ಬೇರೆ ಯಾರಾದರೂ ಅದನ್ನು ತಯಾರಿಸಬಹುದು. ಇದೇ ಕಡ್ಡಾಯ ಪರವಾನಗಿ.

ಏಕಸ್ವಾಮ್ಯ ತಪ್ಪಿತು, ಹಾಡು ಕಟ್ಟಿದವರಿಗೂ ದಾರಿಯಾಯಿತು. ಆದರೆ ಕಾನೂನಿನಲ್ಲಿ ಬರೆದ ದರ ಕಾನೂನಿನಲ್ಲೇ ಉಳಿಯಿತು. ಸುರುಳಿ ಹೋಗಿ ಗ್ರಾಮಫೋನ್ ತಟ್ಟೆ ಬಂತು, ಎರಡು ಮಹಾಯುದ್ಧಗಳು ಮುಗಿದವು, ಎಲ್ಲ ವಸ್ತುಗಳ ಬೆಲೆಯೂ ಹಲವು ಪಟ್ಟು ಏರಿತು. 1978ರವರೆಗೂ ಆ 2 ಸೆಂಟ್ ಅಲುಗಲಿಲ್ಲ.

ಹೊಸ ಸುರುಳಿ

ಇಂದಿನ ಯಂತ್ರಕ್ಕೂ ಪಿಯಾನೊಗೂ ಒಂದು ದೊಡ್ಡ ವ್ಯತ್ಯಾಸವುಂಟು. ಸುರುಳಿ ಅದೇ ಹಾಡನ್ನು ನುಡಿಸುತ್ತಿತ್ತು; ಕೃತಕ ಬುದ್ಧಿಮತ್ತೆ ಸಾಮಾನ್ಯವಾಗಿ ಓದಿದ್ದನ್ನು ಹಾಗೆಯೇ ಒಪ್ಪಿಸುವುದಿಲ್ಲ. ವಿದ್ಯಾರ್ಥಿ ಓದಿ ಕಲಿಯುವಂತೆ ಯಂತ್ರವೂ ಕಲಿಯುತ್ತದೆ ಎನ್ನುವುದು ಕಂಪನಿಗಳ ವಾದ. ನಮ್ಮ ಬರಹದಿಂದಲೇ ನಮಗೆ ಪೈಪೋಟಿ ಹುಟ್ಟುತ್ತದೆ ಎನ್ನುವುದು ಪತ್ರಿಕೆಗಳ, ಲೇಖಕರ ವಾದ. 2023ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಓಪನ್‌ಎಐ ಮತ್ತು ಮೈಕ್ರೊಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು. 2025ರ ಜೂನಿನಲ್ಲಿ ಅಮೆರಿಕದ ನ್ಯಾಯಾಧೀಶರೊಬ್ಬರು ಆಂತ್ರೊಪಿಕ್ ಕಂಪನಿಯ ಪ್ರಕರಣದಲ್ಲಿ, ಪುಸ್ತಕಗಳಿಂದ ಯಂತ್ರಕ್ಕೆ ಕಲಿಸುವುದು ತಪ್ಪಲ್ಲ, ಆದರೆ ಕಳ್ಳಪ್ರತಿಗಳನ್ನು ಇಳಿಸಿಕೊಂಡು ಕೂಡಿಡುವುದು ಸಲ್ಲದು ಎಂದರು. ಆ ಕಂಪನಿ 150 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತು. ಪುಸ್ತಕವೊಂದಕ್ಕೆ ಸುಮಾರು 3,000 ಡಾಲರ್. ಆದರೆ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ಕಾಲಮಿತಿಯೊಳಗೆ ನೋಂದಾಯಿಸಿದ ಪುಸ್ತಕಗಳಷ್ಟೇ ಆ ಪಟ್ಟಿಗೆ ಸೇರಿದವು.

ನ್ಯಾಯಾಲಯದ ಹೊರಗೆ ಪರವಾನಗಿಯ ವ್ಯಾಪಾರವೂ ಬೆಳೆದಿದೆ. 2023ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯೂ ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಪ್ರಕಾಶನವೂ, 2024ರಲ್ಲಿ ನ್ಯೂಸ್ ಕಾರ್ಪ್ ಸಮೂಹವೂ ಓಪನ್‌ಎಐ ಜೊತೆ ಒಪ್ಪಂದ ಮಾಡಿಕೊಂಡವು. 2024ರಲ್ಲೇ ಹಾರ್ಪರ್‌ಕಾಲಿನ್ಸ್ ತನ್ನ ಕೆಲವು ಲೇಖಕರಿಗೆ ಪುಸ್ತಕವೊಂದಕ್ಕೆ 2,500 ಡಾಲರಿನ ಪ್ರಸ್ತಾಪ ಮುಂದಿಟ್ಟು, ಒಪ್ಪುವುದು ಬಿಡುವುದು ಅವರಿಗೇ ಸೇರಿದ್ದು ಎಂದಿತು. ವಿದ್ವತ್ ಗ್ರಂಥಗಳ ಪ್ರಕಾಶಕರಾದ ಟೇಲರ್ ಅಂಡ್ ಫ್ರಾನ್ಸಿಸ್ ಮೈಕ್ರೊಸಾಫ್ಟ್ ಜೊತೆ ಆದ ಒಪ್ಪಂದದ ಬಗ್ಗೆ ತಮ್ಮನ್ನು ಕೇಳಲೇ ಇಲ್ಲವೆಂದು ಅಲ್ಲಿನ ಲೇಖಕರು ದೂರಿದರು. ದೊಡ್ಡ ಕಂಪನಿ, ದೊಡ್ಡ ಪ್ರಕಾಶಕ, ಇಬ್ಬರ ನಡುವಿನ ಕರಾರು: ಇಯೋಲಿಯನ್ ಕಾಲದ ಚಿತ್ರವೇ ಮರಳಿದೆ.

ನಮ್ಮಲ್ಲಿ

ಭಾರತದಲ್ಲಿ ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿಯೊಂದು ಕಡ್ಡಾಯ ಪರವಾನಗಿಯ ಸಲಹೆಯನ್ನೇ ಮುಂದಿಟ್ಟಿತು. ಅದರ ಪ್ರಕಾರ ಕಂಪನಿಗಳು ಕಾನೂನುಬದ್ಧವಾಗಿ ದೊರೆತ ಎಲ್ಲ ಬರಹವನ್ನೂ ಬಳಸಬಹುದು, ಲೇಖಕರು ಬೇಡವೆನ್ನುವಂತಿಲ್ಲ; ಬದಲಿಗೆ ಕಂಪನಿಗಳು ಕೊಡುವ ಗೌರವಧನವನ್ನು ಒಂದು ಕೇಂದ್ರ ಸಂಸ್ಥೆ ಸಂಗ್ರಹಿಸಿ ಹಂಚಬೇಕು. 1909ರ ದಾರಿಯಿದು. ಕರಾರು ಕುದುರಿಸುವ ಶಕ್ತಿಯಿಲ್ಲದ ಸಣ್ಣ ಪ್ರಕಾಶಕರಿಗೆ ಇದರಿಂದ ಅನುಕೂಲವೇ ಆದೀತು. ಆದರೆ ದರವನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ 2 ಸೆಂಟಿನ ಗತಿ ಇಲ್ಲಿಯೂ ಕಾದಿದೆ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತಿದೆ. ಹಣ ಹಂಚಬೇಕಾದರೆ ಯಾವ ಕೃತಿಯ ಹಕ್ಕು ಯಾರಲ್ಲಿದೆ ಎಂಬ ಲೆಕ್ಕ ಬೇಕು. ನಮ್ಮ 1957ರ ಕಾಯಿದೆಯಂತೆ ಲೇಖಕನ ನಿಧನಾನಂತರ 60 ವರ್ಷ ಹಕ್ಕು ಇರುತ್ತದೆ. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಕೃತಿಗಳಿಗೆ ಅದು 2057ರ ಕೊನೆಯವರೆಗೂ ಉಂಟು. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಅವಧಿ ಹೇಳದಿದ್ದರೆ ಅದು 5 ವರ್ಷವೆಂದೇ ಅರ್ಥ. ಕರಾರಾದಾಗ ಇರದಿದ್ದ ಹೊಸ ಮಾಧ್ಯಮಕ್ಕೆ, ಸ್ಪಷ್ಟವಾಗಿ ಹೆಸರಿಸದ ಹೊರತು, ಅದು ಅನ್ವಯಿಸದು ಎಂದು 2012ರ ತಿದ್ದುಪಡಿ ಹೇಳುತ್ತದೆ. ಬಾಯಿಮಾತಿನ ನಂಬಿಕೆಯ ಮೇಲೆ ಪುಸ್ತಕ ಕೊಟ್ಟ ಲೇಖಕರೂ ಅವರ ಮಕ್ಕಳೂ ಈ ಕಾಗದಪತ್ರಗಳನ್ನು ಈಗಲೇ ಸರಿಮಾಡಿಕೊಳ್ಳುವುದು ಒಳ್ಳೆಯದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಯಾವ ಪರವಾನಗಿಯಿಂದಲೂ ಪಾಲು ಸಿಗುವುದಿಲ್ಲ.