ಆನೆ ಸಾಕಿದವರ ಋಣ

ದಸರೆಯ ಮೆರವಣಿಗೆಯ ವರ್ಣನೆಯನ್ನು ಬಾನುಲಿಯಲ್ಲಿ ಕೇಳುವಾಗ ನಮ್ಮ ಮನಸ್ಸೆಲ್ಲ ಅಂಬಾರಿಯ ಮೇಲಿರುತ್ತದೆ. ಅದನ್ನು ಹೊತ್ತ ಆನೆಯ ಯೋಗಕ್ಷೇಮದತ್ತ ಹರಿಯುವುದು ಅಪರೂಪ. ನಮ್ಮ ಹಿಂದಿನವರಾದರೋ ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ.

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಒಂದು ತಾಳೆಯೋಲೆಯ ಗ್ರಂಥವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಕೌಟಿಲ್ಯನ ‘ಅರ್ಥಶಾಸ್ತ್ರ’. ಆನೆಗಳ ಪಾಲನೆಗೆಂದೇ ಹಸ್ತ್ಯಧ್ಯಕ್ಷನೆಂಬ ಅಧಿಕಾರಿಯನ್ನು ಅದು ವಿಧಿಸುತ್ತದೆ. ಮರಿಯನ್ನು, ರೋಗದ ಆನೆಯನ್ನು, ಗರ್ಭಿಣಿಯನ್ನು, ಹಾಲೂಡುವ ತಾಯಿಯನ್ನು ಹಿಡಿಯಕೂಡದು. ಲಾಯ ಕೊಳಕಾದರೆ, ಮೇವು ತಪ್ಪಿದರೆ, ಬರಿನೆಲದ ಮೇಲೆ ಮಲಗಿಸಿದರೆ, ಹೊಡೆಯಬಾರದ ಕಡೆ ಹೊಡೆದರೆ, ಹೊತ್ತಲ್ಲದ ಹೊತ್ತಿನಲ್ಲಿ ಏರಿದರೆ ದಂಡ! ಆ ದಂಡವನ್ನು ತಪ್ಪು ಮಾಡಿದವರ ಸಂಬಳ, ಪಡಿಗಳಲ್ಲೇ ಹಿಡಿಯಬೇಕು. ಇದು ಬರಿಯ ದಯೆಯಲ್ಲ, ನಿಜ. ಅರಸರ ಗೆಲುವು ಆನೆಗಳನ್ನು ನೆಚ್ಚಿಕೊಂಡಿದ್ದಿತು. ಆದರೂ ಹೊಣೆಯನ್ನು ಬಾಯಿಮಾತಿಗೆ ಬಿಡದೆ ಕಟ್ಟಳೆ ಮಾಡಿದ್ದು ದೊಡ್ಡದು.

ಈ ಗ್ರಂಥ ಬೆಳಕಿಗೆ ಬರುವ ಮೊದಲೇ, 1874ರಲ್ಲಿ, ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿದ್ದನು. ಸದ್ದುಗದ್ದಲದಿಂದ ಬೆದರಿಸಿ, ತಾಯಿ ಮರಿಗಳೆನ್ನದೆ ಹಿಂಡಿಗೆ ಹಿಂಡನ್ನೇ ಕಂದಕ ಬೇಲಿಗಳ ಒಳಕ್ಕೆ ಅಟ್ಟಿ, ಸಾಕಾನೆಗಳ ನೆರವಿನಿಂದ ಹಗ್ಗ ಬಿಗಿಯುವ ಈ ಪದ್ಧತಿ ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಗೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲ ಪಟ್ಟಿಗೆ 1977ರಲ್ಲಿ ಆನೆ ಸೇರಿತು.

ಇಷ್ಟರಿಂದ ಋಣ ತೀರಿತೆ? ಅರ್ಜುನನನ್ನು ನೆನೆಯೋಣ. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು 2012ರಿಂದ 2019ರ ವರೆಗೆ ಹೊತ್ತವನು ಆತ. ಅರವತ್ತು ದಾಟಿದ ಆನೆಗೆ ಹೆಚ್ಚಿನ ಭಾರ ಸಲ್ಲದೆಂದು ಅಂಬಾರಿಯನ್ನು ಇಳಿಸಿದರು, ಸರಿ. ಆದರೆ ಕಾಡಾನೆ ಹಿಡಿಯುವ ಕೆಲಸದಿಂದ ಅವನಿಗೆ ಬಿಡುವು ಸಿಕ್ಕಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಅಂಥದೊಂದು ಕಾರ್ಯಾಚರಣೆಯಲ್ಲಿ ಕಾಡಾನೆಯ ಇರಿತಕ್ಕೆ ಸಿಕ್ಕಿ ಪ್ರಾಣ ಬಿಟ್ಟನು. ನಾಡೆಲ್ಲ ಕಣ್ಣೀರಿಟ್ಟಿತು.

ಕಣ್ಣೀರು ಒಳ್ಳೆಯದೇ, ಕಟ್ಟಳೆ ಅದಕ್ಕಿಂತ ಒಳ್ಳೆಯದು. ವಯಸ್ಸಾದ ಆನೆಗೆ ಹೊರೆಯಿಂದ ಹೇಗೋ ಹಾಗೆ ಅಪಾಯದ ಕೆಲಸದಿಂದಲೂ ಬಿಡುಗಡೆ ಬೇಡವೆ? ಕೌಟಿಲ್ಯನಿಗೆ ಆನೆಯಿಂದ ಯುದ್ಧ ಗೆಲ್ಲಬೇಕಾಗಿತ್ತು. ನಮಗೆ ಆ ಅಗತ್ಯವಿಲ್ಲ. ಅಗತ್ಯ ಕಡಮೆಯಾದಷ್ಟೂ, ಕಟ್ಟಿಹಾಕಿದವರ ಹೊಣೆ ಹೆಚ್ಚಬೇಕಲ್ಲದೆ ತಗ್ಗಬಾರದು.